ಸೆಣಬು ಹೂ ಬಿಟ್ಟಾಗಲೇ ಮಣ್ಣಿಗೆ ಸೇರಲಿ

ಚಳ್ಳಕೆರೆ, ಹಿರಿಯೂರು, ಜಗಳೂರು ಕಡೆಯ ಕೆಂಪು ಮಸಾರಿ ನೆಲದಲ್ಲಿ ಗೊಬ್ಬರದ ಸಾರ ಬಿಸಿಲಿಗೆ ಬೇಗ ಕರಗುತ್ತದೆ. ಹಾಗಾಗಿ ಸಾವಯವ ತರಕಾರಿಗೆ ಹೊಲದಲ್ಲೇ ಬೆಳೆಸಿ ಮಣ್ಣಿಗೆ ಸೇರಿಸುವ ಸೆಣಬಿನಂಥ ಹಸಿರು ಗೊಬ್ಬರವೂ ಬೇಕು, ಕಾಂಪೋಸ್ಟೂ ಬೇಕು. ಎಳೆ ಸೊಪ್ಪು ಕೂಡಲೇ ಸಾರಜನಕ ಕೊಟ್ಟು ಮುಗಿಯುತ್ತದೆ. ಮಾಗಿದ ಕಾಂಪೋಸ್ಟ್ ತೇವ ಹಿಡಿದು ನಿಧಾನವಾಗಿ ಉಣಿಸುತ್ತದೆ.

ಬಿತ್ತನೆ

ಭರಣಿ, ಕೃತ್ತಿಕೆ ಮಳೆ ಹದಕ್ಕೆ ಎಕರೆಗೆ 15ರಿಂದ 20 ಕಿಲೊ ಸೆಣಬು ಬಿತ್ತಿ. ರಾಸಾಯನಿಕ ಲೇಪಿಸದ ಬೀಜವೇ ಆಗಬೇಕು. ಬೆಲ್ಲದ ಪಾಕದಲ್ಲಿ ಅಲಸಂದೆ ಗುಂಪಿನ ರೈಜೋಬಿಯಂ (ಬೇರಿನಲ್ಲಿ ಸಾರಜನಕ ಹಿಡಿದಿಡುವ ಜೀವಾಣು) ಕಲಸಿ ಬೀಜಕ್ಕೆ ಹಚ್ಚಿ, ನೆರಳಲ್ಲಿ ಆರಿಸಿ. ನೀರು ನಿಲ್ಲುವ ಅಥವಾ ಸವಳು ನೆಲಕ್ಕೆ ಡಯಾಂಚ ಎಂಬ ಇನ್ನೊಂದು ಹಸಿರು ಗೊಬ್ಬರದ ಬೆಳೆ ವಾಸಿ. ಟೊಮೆಟೊ, ಬದನೆ ಬೇರಿನಲ್ಲಿ ಗಂಟು ಕಂಡಿದ್ದ ಹೊಲದಲ್ಲಿ ಹಸಿರು ಗೊಬ್ಬರಕ್ಕೆ ಅಲಸಂದೆ ಬೇಡ, ಅದರಲ್ಲೂ ಬೇರುಗಂಟು ಜಂತು ಬೆಳೆಯುತ್ತದೆ. ಸೆಣಬು ಅದನ್ನು ತಗ್ಗಿಸುತ್ತದೆ.

ಮಣ್ಣಿಗೆ ಸೇರಿಸುವುದು

ಹೆಚ್ಚಿನವರು ಎಡವುವುದು ಇಲ್ಲಿ. 45ರಿಂದ 50 ದಿನಕ್ಕೆ ಹೂ ಕಾಣಿಸಿದೊಡನೆ ರೋಟವೇಟರ್ ಹೊಡೆಯಿರಿ. ಇನ್ನಷ್ಟು ಸೊಪ್ಪಾಗಲಿ ಎಂದು ಕಾಯಿ ಕಟ್ಟುವವರೆಗೆ ಬಿಟ್ಟರೆ ಕಾಂಡ ನಾರಾಗುತ್ತದೆ. ನಾರು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಬಳಸಿಕೊಳ್ಳುವುದರಿಂದ ಸಸಿ ಹಳದಿಯಾಗುತ್ತದೆ. ಮಣ್ಣಲ್ಲಿ ಹಸಿ ಇರಲೇಬೇಕು. ಒಣಗಿದ್ದರೆ ಸೊಪ್ಪು ಕೊಳೆಯದು, ಗೆದ್ದಲು ಹತ್ತುತ್ತದೆ. ಮಳೆ ಕೈಕೊಟ್ಟರೆ ಒಮ್ಮೆ ನೀರು ಹಾಯಿಸಿ. ನಂತರ 15ರಿಂದ 20 ದಿನ ಬಿಟ್ಟೇ ನಾಟಿ ಮಾಡಿ. ಅವಸರ ಮಾಡಿದರೆ ಕೊಳೆಯುತ್ತಿರುವ ಸೊಪ್ಪಿನ ನಡುವೆ ಸಸಿಗಳು ಬುಡ ಕೊಳೆತು ಬೀಳುತ್ತವೆ.

ಕಾಂಪೋಸ್ಟ್

ದಾವಣಗೆರೆ ಕಡೆ ಮೆಕ್ಕೆಜೋಳದ ದಂಟಿಗೆ ಬೆಂಕಿ ಇಡುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಇಷ್ಟು ಸುಲಭವಾಗಿ ಸಿಗುವ ಸಾಮಗ್ರಿ ಬೇರೊಂದಿಲ್ಲ. ಜನವರಿ, ಫೆಬ್ರುವರಿಯಲ್ಲೇ ಗುಡ್ಡೆ ಹಾಕಿದರೆ ಮುಂಗಾರಿನ ನಾಟಿಗೆ ಸಿಗುತ್ತದೆ.

ನೆರಳಿರುವಲ್ಲಿ 5 ಅಡಿ ಅಗಲ ಗುರುತಿಸಿ. ಕತ್ತರಿಸಿದ ದಂಟು ಅರ್ಧ ಅಡಿ, ಅದರ ಮೇಲೆ ಗ್ಲಿರಿಸಿಡಿಯಾ ಅಥವಾ ಹೊಂಗೆ ಸೊಪ್ಪು 3 ಇಂಚು, ಮೇಲೆ ಸೆಗಣಿ ಬಗ್ಗಡ. ಹೀಗೇ 4 ಅಡಿ ಎತ್ತರಕ್ಕೆ ಪದರ ಕಟ್ಟಿ. ಹಿಡಿ ತೆಗೆದು ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಚನ್ನಗಿರಿ ಕಡೆಯ ಅಡಿಕೆ ಸಿಪ್ಪೆ ತುಂಬ ತಡವಾಗಿ ಕೊಳೆಯುವುದರಿಂದ ಅದಕ್ಕೆ ಬೇರೆ ಗುಡ್ಡೆಯೇ ಇರಲಿ.

ಐದಾರು ದಿನಕ್ಕೆ ನಡುವೆ ಕಬ್ಬಿಣದ ಸರಳು ಚುಚ್ಚಿ ಅರ್ಧ ಗಂಟೆ ಬಿಟ್ಟು ತೆಗೆಯಿರಿ. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ ಇದ್ದರೆ ಸರಿ. ತಣ್ಣಗಿದ್ದರೆ ನೀರೋ ಹಸಿ ಸೊಪ್ಪೋ ಸಾಲದಾಗಿದೆ. ಕೊಳೆತ ನಾತ ಬಂದರೆ ನೀರು ಹೆಚ್ಚಾಗಿ ಗಾಳಿ ಸಿಕ್ಕಿಲ್ಲ, ಒಣ ದಂಟು ಸೇರಿಸಿ ಮಗುಚಿ. ಮೂಗಿಗೆ ಘಾಟು ಹೊಡೆದರೆ ಸೆಗಣಿ, ಸೊಪ್ಪು ಹೆಚ್ಚಾಗಿ ಸಾರಜನಕ ಗಾಳಿಗೆ ಹೋಗುತ್ತಿದೆ. ಅದಕ್ಕೂ ಒಣ ದಂಟೇ ಮದ್ದು. ಹದಿನೈದು ದಿನಕ್ಕೊಮ್ಮೆ ಮಗುಚುತ್ತಿದ್ದರೆ ಮೂರು, ನಾಲ್ಕು ತಿಂಗಳಿಗೆ ಕಪ್ಪಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಅರೆ ಕೊಳೆತದ್ದನ್ನು ಹಾಕಿದರೆ ಗೊಣ್ಣೆಹುಳುವನ್ನು ಹೊಲಕ್ಕೆ ಕರೆದಂತೆ.

ಎಕರೆಗೆ 10 ಟನ್ ಇದ್ದರೆ ಹೊಲಕ್ಕೆಲ್ಲ ಹರಡಿ. ಅಷ್ಟಿಲ್ಲದಿದ್ದರೆ ಇದ್ದಷ್ಟನ್ನೂ ನಾಟಿ ಸಾಲಿಗೇ ಹಾಕಿ, ಅಂದೇ ಮಣ್ಣು ಮುಚ್ಚಿ.