ಆ ಹಿಂಬಾಗಿಲನ್ನು ನಾನು ಮುಚ್ಚಬಾರದಿತ್ತು

ಮಡಿಕೇರಿಯಲ್ಲಿ ರಿಪೇರಿ ಕೆಲಸಕ್ಕೆ ಸಿಗುವುದು ಮೂರೇ ತಿಂಗಳು. ಕಾಫಿ ಕೊಯ್ಲು ಮುಗಿಯುವವರೆಗೆ ಆಳು ಸಿಗುವುದಿಲ್ಲ. ಜೂನ್ ಬಂತೆಂದರೆ ಮಳೆ ಬಿಡುವುದಿಲ್ಲ. ನಡುವಿನ ಮಾರ್ಚ್, ಏಪ್ರಿಲ್, ಮೇನಲ್ಲಿ ಎಲ್ಲರಿಗೂ ಒಟ್ಟಿಗೇ ಹೆಂಚು, ಸೋರಿಕೆ, ಬಣ್ಣ ನೆನಪಾಗುತ್ತದೆ. ಫೋನ್ ಮಾಡಿದವರು ಕೇಳುವುದೂ ಎರಡೇ ಪ್ರಶ್ನೆ. "ಎಷ್ಟಾಗುತ್ತೆ ಮೇಸ್ತ್ರಿ? ನಗರಸಭೆಗೆ ಹೋಗ್ಬೇಕಾ?"

ಮೊದಲನೆಯದಕ್ಕೆ "ನೋಡಿ ಹೇಳ್ತೀನಿ" ಅನ್ನುತ್ತೇನೆ. ಎರಡನೆಯದಕ್ಕೆ ತುಂಬಾ ವರ್ಷ "ಬೇಡ ಬಿಡಿ" ಅಂತಲೇ ಅನ್ನುತ್ತಿದ್ದೆ. ಒಂದು ಬಾಗಿಲು ಮುಚ್ಚಿ ಸಿಕ್ಕಿಹಾಕಿಕೊಂಡ ಮೇಲೆ ಆ ಮಾತು ಬಿಟ್ಟೆ.

ಅದು ಪೇಟೆಯ ಒಂದು ಲಾಡ್ಜು. ಎರಡನೇ ಮಹಡಿಯ ಕಾರಿಡಾರ್ ಕೊನೆಗೆ ಒಂದು ಬಾಗಿಲು, ಅದರಾಚೆ ಹಿಂಬದಿಗೆ ಇಳಿಯುವ ಕಬ್ಬಿಣದ ಮೆಟ್ಟಿಲು. ಮಳೆಗಾಲದಲ್ಲಿ ಆ ಬಾಗಿಲಿನಿಂದ ಎರಚಲು ಒಳಗೆ ಬಂದು ಕಾರಿಡಾರ್ ಪೂರ್ತಿ ಪಾಚಿ ವಾಸನೆ. "ಇದನ್ನ ಮುಚ್ಚಿಬಿಡಿ ಮೇಸ್ತ್ರಿ, ಬೆಡ್‌ಶೀಟ್ ಇಡೋಕೆ ಜಾಗವೂ ಆಗುತ್ತೆ" ಅಂದರು ಮಾಲೀಕರು. ಚೌಕಟ್ಟು ಕಿತ್ತು, ಸಾಲಿಡ್ ಬ್ಲಾಕ್ ಇಟ್ಟು, ಗಾರೆ ಹಾಕಿ ಮುಗಿಸಿದೆವು. ಒಂದು ದಿನದ ಕೆಲಸ.

ನನಗೆ ಧೈರ್ಯ ಕೊಟ್ಟಿದ್ದು ಒಂದು ಪಟ್ಟಿ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರಲ್ಲಿ ಪರವಾನಗಿ ಬೇಡದ ಕೆಲಸಗಳ ಪಟ್ಟಿ ಇದೆ. ಬಾಗಿಲು, ಕಿಟಕಿ ತೆರೆಯುವುದು ಅಥವಾ ಮುಚ್ಚುವುದು, ಪಾರ್ಟಿಷನ್, ಫಾಲ್ಸ್ ಸೀಲಿಂಗ್, ಸುಣ್ಣ ಬಣ್ಣ, ಹೆಂಚು ಬದಲಾವಣೆ, ಗಾರೆ, ನೆಲ, ಸ್ವಂತ ಜಾಗದ ಮೇಲೆ ಬಿಸಿಲು ಮಳೆ ತಡೆಯುವ ಸಜ್ಜಾ. ಹಿಂದೊಮ್ಮೆ ನನ್ನ ಪರಿಚಯದ ಇಂಜಿನಿಯರ್ ಬರೆದುಕೊಟ್ಟಿದ್ದ ಆ ಚೀಟಿ ಜೇಬಿನಲ್ಲೇ ಇರುತ್ತಿತ್ತು. ಆದರೆ ಪಟ್ಟಿಯ ಜೊತೆ ಒಂದು ಷರತ್ತೂ ಇದೆ. ಕಟ್ಟಡದ ಭದ್ರತೆ, ಬೆಂಕಿ ಮತ್ತು ಆರೋಗ್ಯದ ಸುರಕ್ಷತೆಗೆ ಧಕ್ಕೆ ಬರದಿದ್ದರೆ ಮಾತ್ರ ಈ ವಿನಾಯಿತಿ. ಆ ಸಾಲು ನನ್ನ ಚೀಟಿಯಲ್ಲಿರಲಿಲ್ಲ. ಇದ್ದಿದ್ದರೂ ಓದುತ್ತಿದ್ದೆನೋ ಇಲ್ಲವೋ.

ತಪಾಸಣೆಗೆ ಬಂದವರು ಕಟ್ಟಡದ ಹಿಂದೆ ನಿಂತು ತಲೆ ಎತ್ತಿ ನೋಡಿದರು. ಕಬ್ಬಿಣದ ಮೆಟ್ಟಿಲು ನೆಟ್ಟಗೆ ಮೇಲೆ ಹೋಗಿ ಖಾಲಿ ಗೋಡೆಗೆ ಮುಖ ಕೊಟ್ಟು ನಿಂತಿತ್ತು. "ಇದಕ್ಕೆ ಒಳಗಿಂದ ದಾರಿ ಎಲ್ಲಿ?" ಅಂದರು. ಯಾರೂ ಬಾಯಿ ಬಿಡಲಿಲ್ಲ. ಬೆಂಕಿ ಬಿದ್ದರೆ ಆ ಮಹಡಿಯವರಿಗೆಲ್ಲ ಉಳಿದಿದ್ದು ಮುಂದಿನ ಮೆಟ್ಟಿಲೊಂದೇ. ಹೊಗೆ ಮೊದಲು ತುಂಬುವುದೂ ಅಲ್ಲೇ. ಗೋಡೆ ಒಡೆಸಿದರು, ಖರ್ಚು ನನ್ನದೇ ಆಯಿತು. ಸಿಟ್ಟು ಬಂದಿದ್ದು ನಿಜ. ಆದರೆ ತಪ್ಪು ನನ್ನದೇ ಅಲ್ವಾ?

ಅಲ್ಲಿಂದೀಚೆಗೆ ಕೆಲಸ ದೊಡ್ಡದೋ ಚಿಕ್ಕದೋ ಎಂದು ನೋಡುವುದಿಲ್ಲ. ಇದ್ದದ್ದನ್ನೇ ಇದ್ದ ಜಾಗದಲ್ಲಿ ಮತ್ತೆ ಕೂರಿಸುತ್ತಿದ್ದೇನೋ, ಇಲ್ಲ ಏನನ್ನಾದರೂ ಬದಲಿಸುತ್ತಿದ್ದೇನೋ, ಅಷ್ಟೇ ನೋಡುತ್ತೇನೆ. ಲಕ್ಷಗಟ್ಟಲೆ ಖರ್ಚಿನ ಹೆಂಚಿನ ಮಾಡು ಪೂರ್ತಿ ಇಳಿಸಿ, ಕೊಳೆತ ರೀಪು ತೆಗೆದು ಹೊಸದು ಹೊಡೆದರೂ ಅದು ರಿಪೇರಿಯೇ. ಅದೇ ಮಾಡನ್ನು ತೆಗೆದು ಆರ್‌ಸಿಸಿ ಸ್ಲ್ಯಾಬ್ ಹಾಕಿದರೆ ರಿಪೇರಿಯಲ್ಲ. ಮಣ್ಣಿನ ಗಾರೆಯ ಹಳೆ ಗೋಡೆಗೆ ಆ ಭಾರ ಬೇರೆಯದೇ. ಭಾರ ಹೊರುವ ಗೋಡೆ ತೆಗೆಯುವುದು, ಜಗಲಿಯನ್ನು ಕೋಣೆ ಮಾಡುವುದು, ವಾಸದ ಮನೆಯನ್ನು ಅಂಗಡಿ ಮಾಡುವುದು, ಇವೆಲ್ಲ ಅನುಮತಿ ಕೇಳುವ ಕೆಲಸ. ಊರೊಳಗೆ ನಗರಸಭೆ, ಹಳ್ಳಿಯಲ್ಲಾದರೆ ಪಂಚಾಯಿತಿ. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂ ಇರುವುದು ಇದಕ್ಕೇ. "ನಮ್ದು ತೋಟದ ಮನೆ, ಯಾರು ಕೇಳ್ತಾರೆ" ಅನ್ನುವವರಿಗೆ ಇದನ್ನು ಹೇಳಿ ಸಾಕಾಗಿದೆ. ಮನೆ ಹಿಂದಿನ ಬರೆ, ಅಂದರೆ ಮಣ್ಣಿನ ದಿಣ್ಣೆ, ಕಡಿಯುವ ಮಾತು ಬಂದರಂತೂ ಕಾಗದ ಕೈಗೆ ಬರುವವರೆಗೆ ಜೆಸಿಬಿ ಕರೆಯುವುದಿಲ್ಲ. 2018ರ ಆಗಸ್ಟಿನಲ್ಲಿ ಇಲ್ಲಿ ಗುಡ್ಡ ಕುಸಿದದ್ದು ನೋಡಿದವರಿಗೆ ಕಾರಣ ಹೇಳಬೇಕಿಲ್ಲ.

ನಮ್ಮಲ್ಲಿ ಇನ್ನೂ ಎರಡು ತೊಡಕುಗಳಿವೆ. ಹೆಂಚು ಬದಲಿಸಲು ಯಾರನ್ನೂ ಕೇಳಬೇಡಿ, ಸರಿ. ಆದರೆ ಮಾಡು ಹೊರುವ ಮರದ ಪಕಾಸಿಗೆ ಬೇಕೆಂದು ತೋಟದ ತೇಗವನ್ನೋ ಹೊನ್ನೆಯನ್ನೋ ಕಡಿಯುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಇನ್ನೊಂದು ಮಡಿಕೇರಿ ಕೋಟೆ. ಅದು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ. ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಹಳೆ ಕಟ್ಟಡದ ರಿಪೇರಿಗೂ ಮೊದಲೇ ಅನುಮತಿ ಬೇಕು. ಪೇಟೆಯ ನಡುವೆಯೇ ಕೋಟೆ ಇರುವುದರಿಂದ ಈಗ ನಾನು ಮೊದಲು ಕೇಳುವುದೇ "ಕೋಟೆಗೆ ಎಷ್ಟು ದೂರ?" ಅಂತ.

ಬೆಂಕಿಯ ಸಾಮಾನಿನ ನಿರ್ವಹಣೆಗೆ ಬಂದರೆ, ನಂದಿಸುವ ಸಿಲಿಂಡರ್ ರೀಫಿಲ್ ಮಾಡಿಸಲು, ಅಲಾರಂ ಬ್ಯಾಟರಿ ಬದಲಿಸಲು ಯಾರ ಪರವಾನಗಿಯೂ ಬೇಡ. ಬೇಡ ಎಂಬ ಕಾರಣಕ್ಕೇ ಯಾರೂ ಮಾಡಿಸುವುದಿಲ್ಲ ಅನ್ನುವುದು ನನ್ನ ಅನುಮಾನ. ಅದೇ ಲಾಡ್ಜಿನಲ್ಲಿ ಪ್ಲಾಸ್ಟಿಕ್ ಹೂಕುಂಡದ ಹಿಂದೆ ಒಂದು ಪೌಡರ್ ಸಿಲಿಂಡರ್ ಸಿಕ್ಕಿತು. ಮೀಟರಿನ ಮುಳ್ಳು ಹಸಿರಿನಲ್ಲೇ ಇತ್ತು. ಎತ್ತಿ ತಲೆಕೆಳಗು ಮಾಡಿ ಕಿವಿ ಹತ್ತಿರ ಹಿಡಿದೆ. ಒಳಗೆ ಪುಡಿ ಜಾರುವ ಸದ್ದೇ ಇಲ್ಲ. ಹೆಪ್ಪುಗಟ್ಟಿತ್ತು. ಅಡಿಯ ಉಂಗುರ ಬೆರಳಿಗೆ ತುಕ್ಕಾಗಿ ಉದುರಿತು. ಚೀಟಿಯ ಮೇಲಿನ ತಾರೀಖು ತೇವಕ್ಕೆ ಅಳಿಸಿಹೋಗಿತ್ತು. ಮುಳ್ಳು ತೋರಿಸುವುದು ಒತ್ತಡ ಮಾತ್ರ, ಪುಡಿ ಹೇಗಿದೆ ಎಂದು ಅದಕ್ಕೆ ಗೊತ್ತಿಲ್ಲ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ ಮುಳ್ಳೇ ಇರುವುದಿಲ್ಲ, ಅದನ್ನು ತೂಕ ಹಾಕಿಯೇ ನೋಡಬೇಕು. ತುಂಬಿದ ಅನಿಲದ ತೂಕ 10% ಕ್ಕಿಂತ ಜಾಸ್ತಿ ಇಳಿದಿದ್ದರೆ ರೀಫಿಲ್.

ಬಣ್ಣದವರ ಕತೆ ಇನ್ನೊಂದು. ಬಣ್ಣ ಸಿಡಿಯಬಾರದೆಂದು ಹೊಗೆ ಪತ್ತೆ ಮಾಡುವ ಡಿಟೆಕ್ಟರಿಗೆ ಪ್ಲಾಸ್ಟಿಕ್ ಕಟ್ಟುತ್ತಾರೆ. ಕೆಲಸ ಮುಗಿದ ಮೇಲೆ ಮರೆಯುತ್ತಾರೆ. ಪಟ್ಟಿಯಲ್ಲಿರುವ ಅತ್ಯಂತ ನಿರುಪದ್ರವಿ ಕೆಲಸ ಅದು, ಆದರೂ ಇಡೀ ಮಹಡಿಯ ಅಲಾರಂ ಸತ್ತಂತೆ. ಈಗ ಕೂಲಿ ಕೊಡುವ ಮೊದಲು ಕಟ್ಟಿದಷ್ಟೂ ಪ್ಲಾಸ್ಟಿಕ್ಕನ್ನು ನನ್ನ ಕೈಗೆ ಎಣಿಸಿ ಕೊಡಬೇಕು.

ವೈರಿಂಗ್‌ನಲ್ಲೂ ಅದೇ ಲೆಕ್ಕ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಇದ್ದ ಹಾಗೇ ಬದಲಿಸಬಹುದು. ಅದರಾಚೆಯದಕ್ಕೆ ಲೈಸೆನ್ಸ್ ಇರುವ ಗುತ್ತಿಗೆದಾರರೇ ಬೇಕು. ಕೋಣೆಗೊಂದು ಗೀಸರ್ ಹಾಕಿಸಿ ಮಂಜೂರಾದ ಲೋಡ್ ಮೀರಿದರೆ ಕರೆಂಟ್ ಕೊಡುವ ಚೆಸ್ಕಾಂಗೆ ಅರ್ಜಿ ಹಾಕಬೇಕು. ಅಡುಗೆಮನೆ ಹಿಂದೆ 19 ಕೆಜಿಯ ಗ್ಯಾಸ್ ಸಿಲಿಂಡರ್ ಐದು ಇಟ್ಟರೆ 95 ಕೆಜಿ. 100 ಕೆಜಿ ದಾಟಿದರೆ ದಾಸ್ತಾನಿಗೇ ಲೈಸೆನ್ಸ್ ಬೇಕು. ಆರನೆಯದನ್ನು "ಸುಮ್ನೆ ಇರ್ಲಿ" ಅಂತ ಇಡುವವರೇ ಜಾಸ್ತಿ.

ಯಾವ ಕಚೇರಿಯೂ ಕೇಳದ ಒಂದು ಪರವಾನಗಿಯನ್ನು ನಾನೇ ಬರೆಯುತ್ತೇನೆ. ವೆಲ್ಡಿಂಗ್ ಇದ್ದ ದಿನ ನೋಟ್‌ಬುಕ್ಕಿನ ಹಾಳೆಯಲ್ಲಿ ಜಾಗ, ಹೊತ್ತು, ವೆಲ್ಡರ್ ಸಹಿ. ಒಮ್ಮೆ ಶೀಟಿನ ಕೆಲಸದಲ್ಲಿ ಕಿಡಿ ಅಟ್ಟಕ್ಕೆ ಬಿದ್ದು ಖಾಲಿ ಕಾಫಿ ಚೀಲಗಳ ನಡುವೆ ಹೊಗೆಯಾಡಿತ್ತು. ನಾವು ಟೀ ಕುಡಿಯಲು ಇಳಿದಿದ್ದೆವು. ಮನೆಯ ಅಜ್ಜಿಗೆ ವಾಸನೆ ಬಂದಿದ್ದಕ್ಕೆ ಉಳಿಯಿತು. ಈಗ ಅಟ್ಟ ಖಾಲಿ ಮಾಡದೆ ಮೆಷಿನ್ ಶುರು ಮಾಡಿಸುವುದಿಲ್ಲ. ಮುಗಿದ ಮೇಲೂ ಒಬ್ಬ ಒಂದು ಗಂಟೆ ಅಲ್ಲೇ ಕೂರಬೇಕು, ನೀರಿನ ಬಕೆಟ್ ಪಕ್ಕದಲ್ಲಿಟ್ಟುಕೊಂಡು.

ಲಾಡ್ಜಿನ ಬಾಗಿಲಿಗೆ ಬರುತ್ತೇನೆ. ಒಂದು ಮೀಟರ್ ಅಗಲದ ಬಾಗಿಲನ್ನೇ ಹಾಕಿದೆ. ಹೊರಗೆ ತೆರೆಯುತ್ತದೆ. ಒಳಗಿನಿಂದ ಬೀಗದ ಕೈ ಬೇಕಿಲ್ಲ, ತಳ್ಳಿದರೆ ಸಾಕು. ಬೆಡ್‌ಶೀಟಿಗೆ ಬೇರೆ ಕಪಾಟಾಯಿತು. ಎರಚಲಿಗೆ? ಬಾಗಿಲ ಮೇಲೊಂದು ಸಜ್ಜಾ ಹಾಕಿದೆ. ಸಜ್ಜಾ ಪಟ್ಟಿಯಲ್ಲಿದೆ. ಈ ಸಲ ಷರತ್ತನ್ನೂ ಓದಿದ್ದೆ.