1641ರ ಐರಿಶ್ ಪ್ರಮಾಣ ಹೇಳಿಕೆಗಳು: ನಾನು ಓದುವ ಕ್ರಮ

1641ರ ಅಕ್ಟೋಬರ್ ಕೊನೆಯಲ್ಲಿ ಐರ್ಲೆಂಡಿನ ಉತ್ತರದ ಪ್ರಾಂತ ಅಲ್ಸ್ಟರ್‌ನಲ್ಲಿ ಕ್ಯಾಥೊಲಿಕರ ದಂಗೆ ಎದ್ದಿತು. ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳಿಂದ ಬಂದು ನೆಲೆಸಿದ್ದ ಪ್ರೊಟೆಸ್ಟಂಟರ ಮನೆಮಠ ಕಿತ್ತುಕೊಂಡು, ಮೈಮೇಲಿನ ಬಟ್ಟೆಯನ್ನೂ ಬಿಡದೆ ಚಳಿಯಲ್ಲಿ ಹೊರದಬ್ಬಿದರು; ಹಲವರನ್ನು ಕೊಂದರು. ಬದುಕಿ ಉಳಿದವರು ಪ್ರಮಾಣ ಮಾಡಿ ಕೊಟ್ಟ ಹೇಳಿಕೆಗಳು ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿವೆ: ಸುಮಾರು 8,000 ಹೇಳಿಕೆ, 19,000 ಪುಟ, 31 ಸಂಪುಟ. 2010ರಿಂದ ಪುಟದ ಚಿತ್ರ, ಅಕ್ಷರರೂಪ ಎರಡೂ ಅಂತರ್ಜಾಲದಲ್ಲಿ ಉಚಿತ. ಹಾಗಾಗಿ ಬೆಂಗಳೂರಲ್ಲಿ ಕೂತೂ ಈ ಕೆಲಸ ಮಾಡಬಹುದು.

ಇಡೀ ರಾಶಿಗೆ ಒಮ್ಮೆಲೇ ಕೈಹಾಕಬಾರದು. ನಾನು ಒಂದು ಕೌಂಟಿ (ನಮ್ಮ ಜಿಲ್ಲೆಯಂತೆ), ಅದರೊಳಗೆ ಒಂದು ಘಟನೆ ಹಿಡಿಯುತ್ತೇನೆ. ಕಲಿಯುವವರಿಗೆ ಆರ್ಮಾ ಕೌಂಟಿಯ ಪೋರ್ಟಡೌನ್ ಒಳ್ಳೆಯದು: 1641ರ ನವೆಂಬರ್‌ನಲ್ಲಿ ದಂಗೆಕೋರರು ಸುಮಾರು ನೂರು ಪ್ರೊಟೆಸ್ಟಂಟ್ ಕೈದಿಗಳನ್ನು ಅಲ್ಲಿನ ಸೇತುವೆಯಿಂದ ಬ್ಯಾನ್ ನದಿಗೆ ತಳ್ಳಿ ಮುಳುಗಿಸಿದರು. ಆರ್ಮಾದ ಹೇಳಿಕೆಗಳು ಟ್ರಿನಿಟಿ ಕಾಲೇಜಿನ ಪಟ್ಟಿಯಲ್ಲಿ 836ನೇ ಸಂಖ್ಯೆಯ ಹಸ್ತಪ್ರತಿಯಲ್ಲಿವೆ. ಹುಡುಕುವಾಗ ಊರು, ಹೆಸರುಗಳನ್ನು ನಾಲ್ಕೈದು ಕಾಗುಣಿತದಲ್ಲಿ ಹಾಕಿ ನೋಡಬೇಕು. ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿದ್ದಾರೆ.

ಮೊದಲು ತಾರೀಕು ಸರಿಮಾಡಿಕೊಳ್ಳಿ. ಆಗಿನ ಲೆಕ್ಕದಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ. ಕಾಗದದಲ್ಲಿ '1641 ಜನವರಿ' ಅಂದರೆ ನಮ್ಮ 1642ರ ಜನವರಿ. ಇದನ್ನು ಮರೆತರೆ ದಂಗೆ ಏಳುವ ಮೊದಲೇ ಸಾಕ್ಷಿ ಬಂದು ಹೇಳಿಕೆ ಕೊಟ್ಟಂತಾಗುತ್ತದೆ. ತಾರೀಕಿಗೆ ಇನ್ನೂ ಒಂದು ಮಹತ್ವವಿದೆ. ಈ ಹೇಳಿಕೆಗಳನ್ನು ಬರೆಸಿಕೊಂಡದ್ದು ಹೆನ್ರಿ ಜೋನ್ಸ್ ಮುಂದಾಳಾಗಿದ್ದ ಎಂಟು ಪಾದ್ರಿಗಳ ಆಯೋಗ. ಅದಕ್ಕೆ 1641ರ ಡಿಸೆಂಬರ್ 23ರಂದು ಸಿಕ್ಕ ಅಪ್ಪಣೆ ಮುಖ್ಯವಾಗಿ ಲೂಟಿ, ನಷ್ಟ, ಬಂಡಾಯದ ಮಾತುಗಳ ಬಗ್ಗೆ ಇತ್ತು. ಕೊಲೆಗಳನ್ನು ವಿಚಾರಿಸುವ ಅಧಿಕಾರ ಮರು ತಿಂಗಳು, 1642ರ ಜನವರಿ 18ರಂದು, ಸೇರಿತು. ಮೊದಲ ವಾರಗಳ ಹೇಳಿಕೆಯಲ್ಲಿ ಸಾವಿನ ಮಾತು ಕಡಿಮೆ ಇದ್ದರೆ ಸಾವೇ ಆಗಿರಲಿಲ್ಲ ಎಂದು ತೀರ್ಮಾನಿಸುವ ಹಾಗಿಲ್ಲ. ಏನು ಕೇಳಿದರೋ ಅದಕ್ಕೆ ಉತ್ತರ.

ಆಮೇಲೆ ಎಕ್ಸೆಲ್ ಶೀಟ್. ಒಬ್ಬ ಸಾಕ್ಷಿಗೆ ಒಂದು ಸಾಲು ಸಾಲದು, ಒಂದೊಂದು ಸಂಗತಿಗೂ ಒಂದು ಸಾಲು ಬೇಕು. ಸಾಕ್ಷಿಯ ಹೆಸರು, ಊರು, ಕಸುಬು, ಪ್ರಮಾಣ ಮಾಡಿದ ದಿನ, ಘಟನೆಯ ದಿನ, ಆರೋಪಿಗಳು, ಸತ್ತವರ ಸಂಖ್ಯೆ, ಸಹಿಯೋ (ಬರೆಯಲು ಬಾರದವರು ಹಾಕುವ) ಗುರುತೋ, ಕೆಳಗೆ ಸಹಿ ಹಾಕಿದ ಆಯುಕ್ತರು. ಇವೆಲ್ಲಕ್ಕಿಂತ ದೊಡ್ಡ ಕಾಲಂ 'ಹೇಗೆ ಗೊತ್ತು' ಎಂಬುದು. ಅದರಲ್ಲಿ ನಾಲ್ಕು ದರ್ಜೆ ಇಟ್ಟುಕೊಂಡಿದ್ದೇನೆ: ಕಣ್ಣಾರೆ ಕಂಡದ್ದು, ಹೆಸರಿರುವ ಒಬ್ಬರಿಂದ ಕೇಳಿದ್ದು, ದಂಗೆಕೋರರೇ ಹೇಳಿಕೊಂಡದ್ದು, ಊರ ಮಾತು. ಒಂದೇ ಹೇಳಿಕೆಯಲ್ಲಿ ನಾಲ್ಕೂ ಬೆರೆತಿರುತ್ತವೆ. ಕೆಲವೊಮ್ಮೆ ವಾಕ್ಯದ ನಡುವೆಯೇ ದರ್ಜೆ ಬದಲಾಗುತ್ತದೆ.

ಎಲಿಜಬೆತ್ ಪ್ರೈಸ್ ಎಂಬ ವಿಧವೆಯ ಹೇಳಿಕೆ ತೆಗೆದುಕೊಳ್ಳಿ. ಆಕೆಯ ಮಕ್ಕಳು ಪೋರ್ಟಡೌನ್‌ನಲ್ಲಿ ಮುಳುಗಿ ಸತ್ತವರಲ್ಲಿ ಸೇರಿದ್ದಾರೆ. ಆದರೆ ಮುಳುಗಿಸಿದ ಹೊತ್ತಿನಲ್ಲಿ ಆಕೆ ಸೇತುವೆಯ ಬಳಿ ಇರಲಿಲ್ಲ. ಆ ಭಾಗ ಕೇಳಿ ತಿಳಿದದ್ದು. ಆಕೆ ತಾನೇ ಕಂಡೆ ಎನ್ನುವುದು ಮುಂದೆ ಬರುತ್ತದೆ: ನದಿಯಲ್ಲಿ ಸೊಂಟದವರೆಗೆ ಎದ್ದು ನಿಂತು ಸೇಡು, ಸೇಡು ಎಂದು ಕೂಗುವ ಹೆಂಗಸಿನ ಆಕೃತಿ. ಪ್ರಮಾಣ ಮಾಡಿದ್ದು 1643ರಲ್ಲಿ. 'ಕಣ್ಣಾರೆ ಕಂಡದ್ದು' ಎಂದ ಮಾತ್ರಕ್ಕೆ ನಂಬಿಕೆಯ ಅಂಕ ಏರಿಸುವವರು ಇಲ್ಲಿ ಎಡವುತ್ತಾರೆ. ಭೂತದ ಮಾತಿದೆ ಎಂದು ಇಡೀ ಹೇಳಿಕೆಯನ್ನೇ ಎಸೆಯುವವರೂ ಅಷ್ಟೇ ತಪ್ಪು ಮಾಡುತ್ತಾರೆ. ನಾನು ಆ ಆಕೃತಿಯನ್ನು ಬೇರೆ ಸಾಲಿನಲ್ಲಿ ಇಡುತ್ತೇನೆ. ಮಕ್ಕಳ ಸಾವನ್ನು ಬೇರೆ ಸಾಕ್ಷಿಗಳ ಜೊತೆ ತಾಳೆ ನೋಡುತ್ತೇನೆ. ಕೈದಿಯಾಗಿ ಆ ಸೇತುವೆಯವರೆಗೂ ಹೋಗಿ ಬದುಕಿ ಬಂದ ವಿಲಿಯಂ ಕ್ಲಾರ್ಕ್‌ನ ಹೇಳಿಕೆ ಇದಕ್ಕೆ ಬೇಕೇ ಬೇಕು.

ಸಂಖ್ಯೆ ಕೂಡಿಸುವಾಗಲೇ ಹೆಚ್ಚು ಅನಾಹುತ. ಹತ್ತು ಜನ ಒಂದೇ ಘಟನೆ ಹೇಳಿದರೆ ಹತ್ತು ಸಾಲು ಬರುತ್ತದೆ, ಹೆಣ ಹತ್ತು ಪಟ್ಟಾಗುವುದಿಲ್ಲ. ಪ್ರತಿ ಘಟನೆಗೆ ಒಂದು ಗುರುತಿನ ಸಂಖ್ಯೆ ಕೊಟ್ಟು, ಅದರ ಅಡಿಯಲ್ಲಿ ಕನಿಷ್ಠ, ಗರಿಷ್ಠ ಎರಡನ್ನೂ ಬರೆಯಬೇಕು. ಟೈನನ್‌ನ ಪಾದ್ರಿ ರಾಬರ್ಟ್ ಮ್ಯಾಕ್ಸ್‌ವೆಲ್ 1642ರ ಆಗಸ್ಟ್‌ನಲ್ಲಿ ಸತ್ತವರು 1,54,000 ಎಂಬ ಸಂಖ್ಯೆ ಕೊಟ್ಟ. ಅದು ದಂಗೆಕೋರರ ಕಡೆಯಿಂದ ಕೇಳಿದ್ದು. ಅಷ್ಟು ವಲಸಿಗರು ಅಲ್ಸ್ಟರ್‌ನಲ್ಲಿ ಇರಲೇ ಇಲ್ಲ. ಇಂದಿನ ಇತಿಹಾಸಕಾರರು ಅಲ್ಲಿ ನೇರವಾಗಿ ಕೊಲೆಯಾದವರು ಸುಮಾರು 4,000 ಎನ್ನುತ್ತಾರೆ. ಚಳಿ, ಹಸಿವಿಗೆ ಸತ್ತವರ ಲೆಕ್ಕ ಬೇರೆ. ಆ ಬೇರೆ ಲೆಕ್ಕಕ್ಕೂ ನಿಮ್ಮ ಶೀಟ್‌ನಲ್ಲಿ ಕಾಲಂ ಇರಲಿ. ಬಟ್ಟೆ ಕಳೆದುಕೊಂಡು ದಾರಿಯಲ್ಲಿ ಸತ್ತ ಮಗು ಯಾವ ಕೊಲೆಯ ಪಟ್ಟಿಗೂ ಸೇರದೆ ಹೋಗಬಾರದು.

ನಷ್ಟದ ಭಾಗ ಒಣಗಿದ ಪಟ್ಟಿ: ದನ, ಕುದುರೆ, ಧಾನ್ಯ, ಗುತ್ತಿಗೆ ಜಮೀನು, ಬರಬೇಕಿದ್ದ ಸಾಲ. 1 ಪೌಂಡ್‌ಗೆ 20 ಶಿಲ್ಲಿಂಗ್, ಶಿಲ್ಲಿಂಗ್‌ಗೆ 12 ಪೆನ್ಸ್ ಹಿಡಿದು ನೀವೇ ಕೂಡಿಸಿ. ಸಾಲವನ್ನು ಮಾತ್ರ ಪ್ರತ್ಯೇಕ ಇಡಿ: ಸಾಲಗಾರರ ಹೆಸರಿನಲ್ಲಿ ದಂಗೆಗೆ ಸೇರಿದ ನೆರೆಹೊರೆಯವರು ಸಿಗುತ್ತಾರೆ. ಯಾರ ಮೇಲೆ ಯಾರು ಬಿದ್ದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸುಳಿವಿಲ್ಲ.

ಅಕ್ಷರರೂಪವನ್ನಷ್ಟೇ ಓದಿ ಮುಗಿಸಬೇಡಿ, ಚಿತ್ರ ತೆರೆಯಿರಿ. ಅನೇಕ ಪುಟಗಳಲ್ಲಿ ಸಾಲುಗಳ ಮೇಲೆ ಅಡ್ಡಗೆರೆ ಎಳೆದಿದೆ. ಸಾಕ್ಷಿ ಮಾತು ಹಿಂತೆಗೆದುಕೊಂಡ ಎಂದು ಅದರ ಅರ್ಥವಲ್ಲ. ಆಯೋಗದ ಗುಮಾಸ್ತ ಥಾಮಸ್ ವೇರಿಂಗ್ ಮುಂದೆ ನಕಲು ಮಾಡಿಸುವಾಗ ಬೇಡವೆಂದು ಬಿಟ್ಟ ಭಾಗಗಳು ಎಷ್ಟೋ ಇವೆ, ಹೆಚ್ಚಾಗಿ ನಷ್ಟದ ಪಟ್ಟಿಗಳು. ಮೂಲ, ನಕಲು ಎರಡೂ ಉಳಿದಿದ್ದರೆ ಒಂದನ್ನೇ ಎಣಿಸಿ.

1650ರ ದಶಕದ ಕಾಗದಗಳನ್ನು ಬೇರೆ ಶೀಟ್‌ನಲ್ಲಿ ಹಾಕುತ್ತೇನೆ. ಅವು ಐರ್ಲೆಂಡನ್ನು ಗೆದ್ದ ಇಂಗ್ಲಿಷ್ ಸೇನಾನಿ ಕ್ರಾಮ್‌ವೆಲ್‌ನ ಆಡಳಿತದ ನ್ಯಾಯಾಲಯಗಳಿಗಾಗಿ ನಡೆದ ವಿಚಾರಣೆಗಳು. ಘಟನೆಗೂ ಹೇಳಿಕೆಗೂ ಹತ್ತಕ್ಕಿಂತ ಹೆಚ್ಚು ವರ್ಷದ ಅಂತರ. ಕೆಲವರು ತಮ್ಮ ತಲೆ ಉಳಿಸಿಕೊಳ್ಳಲು ಮಾತಾಡುತ್ತಿದ್ದಾರೆ. ಆದರೂ 1642ರ ಜನವರಿಯಲ್ಲಿ ಆಂಟ್ರಿಮ್‌ನ ಐಲಂಡ್‌ಮಗೀಯಲ್ಲಿ ಕ್ಯಾಥೊಲಿಕರನ್ನು ಕೊಂದ ಬಗ್ಗೆ ಸಾಕ್ಷ್ಯ ಸಿಗುವುದು ಇವುಗಳಲ್ಲೇ. 'ಹೇಗೆ ಗೊತ್ತು' ಕಾಲಂನ ಅದೇ ನಾಲ್ಕು ದರ್ಜೆಗಳನ್ನು ಅಲ್ಲಿಗೂ ಹಾಕಿ, ಯಾವ ರಿಯಾಯಿತಿಯೂ ಇಲ್ಲದೆ.