ಸರ್ಪಸುತ್ತು: ನಾನು ಮೊದಲು ಕೇಳುವ ಪ್ರಶ್ನೆ

ಪಕ್ಕೆಯಲ್ಲಿ ಉರಿ, ಬಟ್ಟೆ ತಾಗಿದರೂ ತಡೆಯಕ್ಕಾಗಲ್ಲ ಅಂತ ವಯಸ್ಸಾದವರು ಬಂದರೆ ನಾನು ಮೊದಲು ಕೇಳುವುದು, "ಚಿಕ್ಕವರಿದ್ದಾಗ ಅಮ್ಮ ಆಗಿತ್ತಾ?" ಸುಮಾರು ಜನ ನನ್ನ ಮುಖವನ್ನೇ ನೋಡುತ್ತಾರೆ. ಎಂದೋ ಬೇವಿನ ಸೊಪ್ಪಿನ ಮೇಲೆ ಮಲಗಿ ಎದ್ದ ಕಾಯಿಲೆಗೂ ಇವತ್ತಿನ ಉರಿಗೂ ಏನು ಸಂಬಂಧ?

ಅಮ್ಮ, ಅಂದರೆ ಸೀತಾಳೆ ಸಿಡುಬು, ವಾಸಿಯಾಗುತ್ತದೆ, ಅದರ ವೈರಸ್ ಮಾತ್ರ ಮೈ ಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ದಶಕಗಟ್ಟಲೆ ಸುಮ್ನೆ ಇರುತ್ತದೆ. ವಯಸ್ಸಾಗಿಯೋ, ಸ್ಟೀರಾಯ್ಡ್ ಅಥವಾ ಕ್ಯಾನ್ಸರ್ ಔಷಧಿಯಿಂದಲೋ ದೇಹದ ಕಾವಲು ಸಡಿಲವಾದಾಗ ಒಂದು ನರ ಹಿಡಿದು ಚರ್ಮಕ್ಕೆ ಬರುತ್ತದೆ. ಅದೇ ಸರ್ಪಸುತ್ತು. 1965ರಲ್ಲಿ ಇದನ್ನು ಬಿಡಿಸಿ ಹೇಳಿದವರು ಇಂಗ್ಲೆಂಡಿನ ಸೈರನ್ಸೆಸ್ಟರ್‌ನ ಎಡ್ಗರ್ ಹೋಪ್-ಸಿಂಪ್ಸನ್. ಅವರೂ ನಮ್ಮ ಹಾಗೆ ಊರಿನ ಡಾಕ್ಟರ್. 1947ರಿಂದ 1962ರವರೆಗೆ ತಮ್ಮಲ್ಲಿಗೆ ಬಂದ ಸರ್ಪಸುತ್ತಿನ ರೋಗಿಗಳನ್ನೆಲ್ಲ ಬರೆದಿಟ್ಟುಕೊಂಡಿದ್ದರು. ನನಗೆ ಅವರ ಮೇಲೆ ತುಂಬಾ ಗೌರವ.

ಒಬ್ಬ ಅಜ್ಜಿ ಎದೆಯ ಬಲಗಡೆ ಪೂರ್ತಿ ಕೆಮ್ಮಣ್ಣು ಬಳಿಸಿಕೊಂಡು ಬಂದಿದ್ದರು. ಮಣ್ಣು ಒಣಗಿ ಬಿರುಕು ಬಿಟ್ಟಿತ್ತು, ಸಂದಿಯಲ್ಲಿ ನೀರುಗುಳ್ಳೆಗಳು. "ಹಾವಿನ ತಲೆ ಬಾಲ ಸೇರಿದ್ರೆ ಜೀವ ಹೋಗುತ್ತಂತೆ, ಹೌದಾ ಡಾಕ್ಟ್ರೇ?" ಅಂದರು. ಆ ಭಯಕ್ಕೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಒದ್ದೆ ಹತ್ತಿಯಿಂದ ಮಣ್ಣನ್ನು ಮೆಲ್ಲಗೆ ನೆನೆಸಿ ತೆಗೆದೆ. ಬೆನ್ನಿನಿಂದ ಹೊರಟ ಗುಳ್ಳೆಗಳ ಸಾಲು ಎದೆಮೂಳೆಯ ಹತ್ತಿರ ಗೆರೆ ಎಳೆದ ಹಾಗೆ ನಿಂತಿತ್ತು. ಅಲ್ಲಿ ಬೆರಳಿಟ್ಟು ತೋರಿಸಿದೆ: "ಈ ನರ ಇಲ್ಲಿಗೇ ಮುಗಿಯುತ್ತೆ ಅಜ್ಜಿ. ಆ ಕಡೆಯದು ಬೇರೆ ನರ." ಅವರ ಉಸಿರು ಸ್ವಲ್ಪ ಸಲೀಸಾಯಿತು.

ಮಣ್ಣಿಗಿಂತ ನನಗೆ ಜಾಸ್ತಿ ಚಿಂತೆ, ಅದರಲ್ಲಿ ಕಳೆದುಹೋಗುವ ದಿನಗಳದ್ದು. ಗುಳ್ಳೆ ಎದ್ದ 72 ಗಂಟೆಯೊಳಗೆ ಔಷಧಿ ಶುರುವಾದರೆ ಒಳ್ಳೆಯದು. ಸಾಮಾನ್ಯವಾಗಿ ಅಸೈಕ್ಲೋವಿರ್ 800 ಮಿಲಿಗ್ರಾಂ, ದಿನಕ್ಕೆ ಐದು ಸಲ, ಏಳು ದಿನ ಕೊಡುತ್ತೇನೆ. ಕಿಡ್ನಿ ತೊಂದರೆ ಇದ್ದರೆ ಪ್ರಮಾಣ ಇಳಿಸಲೇಬೇಕು, ಅದಕ್ಕೇ ಹಳೆಯ ರಿಪೋರ್ಟ್ ಕೇಳುತ್ತೇನೆ. ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಕಳಿಸುತ್ತೇನೆ, ಅದೇ ನರದ ಕವಲು ಕಣ್ಣಿಗೂ ಹೋಗುತ್ತದೆ.

ಮನೆಯಲ್ಲಿ ಗರ್ಭಿಣಿಯರು, ಪುಟ್ಟ ಮಕ್ಕಳು ಇದ್ದಾರಾ ಅಂತಲೂ ಕೇಳುತ್ತೇನೆ. ಗುಳ್ಳೆಯ ನೀರಿನಲ್ಲಿ ವೈರಸ್ ಇರುತ್ತದೆ. ಹಿಂದೆ ಸಿಡುಬಿನ ಅಮ್ಮ ಆಗಿರದವರಿಗೆ, ಲಸಿಕೆ ಹಾಕಿಸದವರಿಗೆ ಅದು ತಗುಲಿದರೆ ಸೀತಾಳೆ ಸಿಡುಬೇ ಬರಬಹುದು. ಹಕ್ಕಳೆ ಕಟ್ಟುವವರೆಗೆ ಗಾಯ ಮುಚ್ಚಿರಬೇಕು.

ಕೆಲವರಿಗೆ ಗಾಯ ಮಾಯ್ದರೂ ಉರಿ ತಿಂಗಳುಗಟ್ಟಲೆ ಉಳಿಯುತ್ತದೆ. "ಚರ್ಮ ಸರಿಯಾಗಿದೆಯಲ್ಲ, ಇನ್ನೇನು ನೋವು?" ಅಂತ ಮನೆಯವರು ಗದರುವುದನ್ನು ಕೇಳಿದ್ದೇನೆ. ನೋವಿರುವುದು ನರದಲ್ಲಿ. ಗ್ಯಾಬಾಪೆಂಟಿನ್‌ನಂಥ ಮಾತ್ರೆಯನ್ನು ರಾತ್ರಿ ಹೊತ್ತು ಕಡಿಮೆ ಪ್ರಮಾಣದಲ್ಲಿ ಶುರು ಮಾಡಿ ನಿಧಾನ ಏರಿಸುತ್ತೇನೆ. ಇದನ್ನು ಹೇಳುವಾಗ ಮಗನನ್ನೋ ಸೊಸೆಯನ್ನೋ ಪಕ್ಕದಲ್ಲೇ ಕೂರಿಸಿಕೊಳ್ಳುತ್ತೇನೆ.